ಕಟ್ಟೆಯಲ್ಲಿ ನೀರು ಹೆಚ್ಚಾದ ವರ್ಷ

ಮೊದಲ ಸಲ ನೋಡಿದಾಗ, ಯಾರೋ ಬಟ್ಟೆ ಒಗೆದು ಸೋಪಿನ ನೊರೆಯನ್ನು ಕೊಂಬೆಗಳಿಗೆ ಎರಚಿ ಹೋಗಿದ್ದಾರೆ ಅಂದುಕೊಂಡೆ. ಜೂನ್ 19, ಬೆಳಿಗ್ಗೆ ಏಳೂಕಾಲು. ಉಬ್ರಾಣಿ ಕಡೆಯ ನಮ್ಮ ಊರಿನಿಂದ ಕಾಡಿನತ್ತ ಹೋಗುವ ಗಾಡಿದಾರಿ ಮುಗಿಯುವಲ್ಲಿ ಒಂದು ಗೋಕಟ್ಟೆ ಇದೆ. ದನಕರು ನೀರು ಕುಡಿಯಲೆಂದು ಯಾವ ಕಾಲದಲ್ಲೋ ಮಣ್ಣಿನ ಏರಿ ಹಾಕಿ ಮಾಡಿದ್ದು. ಒಂದು ಬದಿಗೆ ಗೋಮಾಳ, ಇನ್ನೊಂದು ಬದಿಗೆ ಕಾಡು. ಕಾಡಿನ ಬದಿಯ ಹೊಂಗೆ, ಮತ್ತಿ, ನೇರಳೆ ಮರಗಳು ನೀರಿನ ಮೇಲೆ ಬಾಗಿವೆ. ಆ ಕೊಂಬೆಗಳ ತುದಿಯಲ್ಲಿ ಮುಷ್ಟಿಗಾತ್ರದ ಬಿಳಿ ನೊರೆಯ ಉಂಡೆಗಳು ಅಂಟಿಕೊಂಡಿದ್ದವು. ಎಂಟು ಎಣಿಸಿದೆ. ಎಂಟನೆಯದರ ಪಕ್ಕದ ಎಲೆಯ ಮೇಲೆ ಹಸಿರು ಕಪ್ಪೆಯೊಂದು ಕಾಲು ಮಡಚಿ ನಿದ್ದೆ ಮಾಡುತ್ತಿತ್ತು. ಬೆರಳುಗಳ ನಡುವಿನ ತೊಗಲು ಕೇಸರಿ ಬಣ್ಣದ್ದು. ಅದು ಇದ್ದದ್ದರಿಂದಲೇ ನೊರೆ ಯಾರದೆಂದು ಗೊತ್ತಾಯಿತು.

ನಾನು ಆಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ನಾನು ಹುಟ್ಟಿ ಬೆಳೆದದ್ದು ಜಗಳೂರು ಕಡೆ. ಓದಲೆಂದು ಈ ಊರಿನ ದೊಡ್ಡಪ್ಪನ ಮನೆಯಲ್ಲಿದ್ದು ಚನ್ನಗಿರಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಪ್ರಾಣಿಶಾಸ್ತ್ರ ಕಲಿಸುವ ಮೇಡಂ, ಮಳೆಗಾಲ ಮುಗಿಯುವವರೆಗೆ ಮನೆಯ ಹತ್ತಿರದ ಒಂದು ಜೀವಿಯನ್ನು ಗಮನಿಸಿ ಬರೆಯಿರಿ ಎಂದಿದ್ದರು. ತರಗತಿಯಲ್ಲಿ ಹದಿನಾಲ್ಕು ಜನ ಗುಬ್ಬಿ, ಒಂಬತ್ತು ಜನ ಕಾಗೆ, ಒಬ್ಬ ತನ್ನ ಮನೆಯ ಎಮ್ಮೆ ಎಂದು ಬರೆಸಿದರು. ನಾನು ಕಪ್ಪೆ ಎಂದು ಬರೆಸಿದೆ. ಕಪ್ಪೆಯ ಮೇಲೆ ಪ್ರೀತಿ ಇತ್ತು ಅಂತಲ್ಲ. ನೊರೆಯ ಗೂಡು ಹಾರುವುದಿಲ್ಲ, ಓಡುವುದಿಲ್ಲ. ಬೆಳಿಗ್ಗೆ ಹೋಗಿ ಎಣಿಸಬಹುದು. ಎಣಿಸಲು ಬರುವಂಥದ್ದು ನನಗೆ ಇಷ್ಟ. ಏಳನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ, ಅದರಲ್ಲಿ ಅರ್ಧ ಎಣಿಕೆಯೇ.

ಮೇಡಂ ಫೋಟೋ ನೋಡಿ ವಿಷಯ ಹೇಳಿದರು. ಇದು ಕಾಡಿನ ಕಪ್ಪೆ. ವರ್ಷವಿಡೀ ಮರದ ಮೇಲೆ ಇರುತ್ತದೆ, ಮರಿ ಮಾಡಲು ಮಾತ್ರ ಮಳೆ ಶುರುವಾದಾಗ ಕಟ್ಟೆಯ ಬಳಿಗೆ ಇಳಿಯುತ್ತದೆ. ಹೆಣ್ಣು ಹಿಂಗಾಲಿನಿಂದ ಕಡೆದು ನೊರೆ ಎಬ್ಬಿಸಿ ಅದರೊಳಗೆ ಮೊಟ್ಟೆ ಇಡುತ್ತದೆ. ಕೆಲವು ದಿನಕ್ಕೆ ಮೊಟ್ಟೆಯೊಡೆದು, ನೊರೆ ಕರಗಿ, ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಉದುರುತ್ತವೆ. ಅವುಗಳಿಗೆ ಕಾಲು ಮೂಡಿ, ಬಾಲ ಕರಗಿ, ದಡ ಹತ್ತಿ ಕಾಡಿಗೆ ಹೋಗಬೇಕು. ಇಷ್ಟಕ್ಕೂ ನೀರಿನ ಮೇಲೆ ಬಾಗಿದ ಮರ ಬೇಕು, ಹಿಂದೆ ಕಾಡು ಬೇಕು. ಎರಡೂ ಒಂದೇ ಕಡೆ ಸಿಗುವುದು ಕಡಿಮೆಯಾಗುತ್ತಿದೆ ಎಂದರು.

ಎಷ್ಟು ಕಡಿಮೆ ಎಂದು ತಿಳಿಯಲು ದೊಡ್ಡಪ್ಪನನ್ನು ಕೇಳಿದೆ. ದೊಡ್ಡಪ್ಪ ಖೇಣಿ ಹೇಳುವವರು. ಅಡಿಕೆ ಇನ್ನೂ ಮರದ ಮೇಲಿರುವಾಗಲೇ ವ್ಯಾಪಾರಿಗಳು ಇಡೀ ತೋಟದ ಫಸಲನ್ನು ಹಿಡಿಯುತ್ತಾರೆ. ಅದಕ್ಕೆ ಮೊದಲು ತೋಟದಲ್ಲಿ ಒಂದು ಸುತ್ತು ಹಾಕಿ, ಗೊನೆ ನೋಡಿ, ಇಷ್ಟು ಕ್ವಿಂಟಲ್ ಆಗುತ್ತದೆ ಎಂದು ಹೇಳಬಲ್ಲ ಒಬ್ಬರು ಬೇಕು. ಚನ್ನಗಿರಿ ಸುತ್ತ ಮಾತ್ರವಲ್ಲ, ಹೊನ್ನಾಳಿ, ನ್ಯಾಮತಿ, ಸಾಸ್ವೆಹಳ್ಳಿ ಕಡೆಯವರೂ ದೊಡ್ಡಪ್ಪನನ್ನು ಕರೆಯುತ್ತಾರೆ. ಅವರು ನೋಡದ ತೋಟವಿಲ್ಲ, ಆದ್ದರಿಂದ ತೋಟದ ಮೊದಲು ಅಲ್ಲಿ ಏನಿತ್ತು ಎಂಬುದೂ ಅವರಿಗೆ ಗೊತ್ತು. ಕಾಡಂಚಿನಲ್ಲಿ ಒಂಬತ್ತು ಕಟ್ಟೆಗಳಿದ್ದವು ಎಂದು ಬೆರಳು ಮಡಚಿದರು. ಮೂರು ಭಾನುವಾರ ಅವರ ಬೈಕಿನಲ್ಲಿ ಹೋಗಿ ಒಂಬತ್ತನ್ನೂ ನೋಡಿದೆವು.

ಐದು ಈಗ ಅಡಿಕೆ ತೋಟ. ಒಂದಕ್ಕೆ ಪ್ಲಾಸ್ಟಿಕ್ ಹಾಸಿ ಕೃಷಿ ಹೊಂಡ ಮಾಡಿದ್ದಾರೆ. ಒಂದರಲ್ಲಿ ನೀರಿದೆ, ಸುತ್ತ ಒಂದು ಮರವೂ ಇಲ್ಲ. ಇನ್ನೊಂದರಲ್ಲಿ ನೀರೂ ಮರವೂ ಇವೆ, ಆದರೆ ಕಾಡು ಅರ್ಧ ಕಿಲೋಮೀಟರ್ ಹಿಂದೆ ಸರಿದಿದೆ, ಗೂಡು ಸೊನ್ನೆ. ಒಂಬತ್ತನೆಯದು ನಮ್ಮೂರಿನದು.

ಐದರಲ್ಲಿ ಒಂದು ತೋಟದ ನಡುವೆ ಬೈಕ್ ನಿಲ್ಲಿಸಿ ದೊಡ್ಡಪ್ಪ ಹೇಳಿದರು: "ಇಲ್ಲೇ ನೋಡವ್ವಾ ನಾನು ಈಜು ಕಲ್ತಿದ್ದು. ಈಗ ಇದ್ರ ಖೇಣಿ ಹೇಳೋನೂ ನಾನೇ."

"ಬೇಜಾರಾಗಲ್ವಾ ದೊಡ್ಡಪ್ಪ?"

"ಬೇಜಾರ್ಯಾಕೆ? ಒಳ್ಳೆ ತ್ವಾಟ ಐತೆ. ತೇವ ಹಿಡೀತತೆ."

ಅವರ ಎಣಿಕೆಯ ಕ್ರಮವನ್ನು ನಾನು ಆ ವರ್ಷವೇ ಕಲಿತೆ. ಜುಲೈ 2ರಂದು ನಮ್ಮ ಕಟ್ಟೆಯಲ್ಲಿ ನಾನು ಮೂವತ್ತೊಂದು ಗೂಡು ಎಣಿಸಿದೆ. ಅವರು ಏರಿಯ ಮೇಲೆ ನಿಂತು, ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸುತ್ತಾ ಒಂದೇ ಸುತ್ತಿಗೆ ಮೂವತ್ತೇಳು ಎಂದರು. ನಾನು ಒಪ್ಪಲಿಲ್ಲ.

"ನೀನು ಕೊಂಬೆ ನೋಡಿ ಎಣಿಸ್ತೀಯ," ಎಂದರು. "ಎಲೆ ಅಡ್ಡ ಬಂದ್ರೆ ಏನ್ ಮಾಡ್ತೀ? ಕೆಳಗೆ ನೀರಾಗೆ ನೋಡು. ಮ್ಯಾಲಿಂದ ಕಾಣದ್ದು ನೀರಾಗೆ ಕಾಣ್ತತೆ."

ನೀರಿನಲ್ಲಿ ನೋಡಿದೆ. ಎಲೆಗಳ ಅಡಿಭಾಗಕ್ಕೆ ಅಂಟಿದ್ದ ಆರು ಗೂಡುಗಳು ಬಿಂಬದಲ್ಲಿ ಸಿಕ್ಕವು. ಮೂವತ್ತೇಳು ಸರಿ. ಆಮೇಲಿನಿಂದ ಎರಡೂ ಕಡೆ ನೋಡಿ ಎಣಿಸುತ್ತೇನೆ.

ಗೂಡಿನ ಲೆಕ್ಕದ ಜೊತೆಗೆ ಗೊದಮೊಟ್ಟೆಯ ಲೆಕ್ಕಕ್ಕೂ ಒಂದು ಕ್ರಮ ಮಾಡಿಕೊಂಡೆ. ದೊಡ್ಡಮ್ಮನ ಹಳೆಯ ಹಿಟ್ಟಿನ ಜರಡಿಯಿಂದ ದಡದಲ್ಲಿ ಹತ್ತು ಕಡೆ ಒಂದೊಂದು ಸಲ ಮೊಗೆದು, ಬಿಳಿ ತಟ್ಟೆಗೆ ಸುರಿದು ಎಣಿಸಿ, ವಾಪಸ್ ನೀರಿಗೆ ಬಿಡುವುದು. ವಾರಕ್ಕೊಮ್ಮೆ. ಮೊದಲ ವರ್ಷ ಹತ್ತು ಮೊಗೆತಕ್ಕೆ ಅರವತ್ತರಿಂದ ಎಂಬತ್ತು ಸಿಗುತ್ತಿದ್ದವು. ಆಗಸ್ಟ್ ಕೊನೆಗೆ ಬಾಲವಿರುವ ಮರಿಕಪ್ಪೆಗಳು ಹುಲ್ಲಿನಲ್ಲಿ ಕಂಡವು. ಮೇಡಂಗೆ ಹನ್ನೊಂದು ಪುಟದ ವರದಿ ಕೊಟ್ಟೆ, ಇಪ್ಪತ್ತಕ್ಕೆ ಹದಿನೆಂಟು ಅಂಕ ಬಂತು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ವರ್ಷದ ಲೆಕ್ಕ ಇನ್ನೊಂದು ವರ್ಷದ ಲೆಕ್ಕವಿಲ್ಲದೆ ಏನೂ ಹೇಳುವುದಿಲ್ಲ ಎಂದು ಮರುವರ್ಷವೂ ಹೋದೆ.

ಎರಡನೇ ವರ್ಷ ಜೂನ್ ಮಳೆ ಚೆನ್ನಾಗಿ ಬಂದು, ಜುಲೈನಲ್ಲಿ ನಿಂತುಹೋಯಿತು. ಗೂಡು ಮೂವತ್ತಮೂರು. ಗೊದಮೊಟ್ಟೆಗಳು ನೀರಿಗೆ ಬಿದ್ದ ಮೇಲೆ ಕಟ್ಟೆ ದಿನಕ್ಕೆ ನಾಲ್ಕು ಬೆರಳಿನಂತೆ ಕುಗ್ಗಿತು. ಕೊನೆಯ ದಿನ ಒಂದು ಪರಾತದಷ್ಟು ಅಗಲದ ಕೆಸರು ಉಳಿದಿತ್ತು, ಅದರಲ್ಲಿ ಅವು ಒಂದರ ಮೇಲೊಂದು ಮಿಸುಕುತ್ತಿದ್ದವು. ಕಾಗೆಗಳು ಬಂದಿದ್ದವು. ಆ ಕೆಸರಿನಲ್ಲಿ ಎಣಿಸಲು ಆಗಲಿಲ್ಲ, "ಎಣಿಸಲಿಲ್ಲ" ಎಂದು ಬರೆದೆ. ಹಿಂಗಾಲು ಮೂಡಿದ್ದವು, ಮುಂಗಾಲು ಮೂಡಿರಲಿಲ್ಲ.

ಅವತ್ತು ಊಟಕ್ಕೆ ಕೂತಾಗ ದೊಡ್ಡಪ್ಪ ಕೇಳಿದರು: "ಇನ್ನು ಎಷ್ಟು ದಿನ ನೀರು ಬೇಕಿತ್ತು?"

"ಹನ್ನೆರಡು ದಿನ ಇದ್ದಿದ್ದರೆ ಸಾಕಿತ್ತು ಅನ್ಸತ್ತೆ."

"ಹನ್ನೆರಡೇ ದಿನ?"

"ಹೂಂ."

ಅಡಿಕೆಯವರಿಗೆ ನೀರು ಸಾಲದೆ ಹೋಗುವುದೊಂದೇ ಕೇಡು. ನೀರು ಹೆಚ್ಚಾಗಿ ಯಾರಿಗಾದರೂ ಕೆಡುಕಾಗುತ್ತದೆ ಎಂಬುದು ಅವರ ಲೆಕ್ಕದಲ್ಲೇ ಇಲ್ಲ. ನಾನು ಜಗಳೂರಿನವಳು, ನಮ್ಮ ಕಡೆ ಕಟ್ಟೆ ಎಂದರೆ ವರ್ಷದಲ್ಲಿ ಆರು ತಿಂಗಳು ಒಣಗಿಯೇ ಇರುತ್ತದೆ, ಅದರ ತಳದಲ್ಲಿ ನಾವು ಕುಂಟಾಬಿಲ್ಲೆ ಆಡಿದ್ದೇವೆ, ಆದರೂ ಮಳೆ ಬಿದ್ದ ಮರುದಿನ ಅದರಲ್ಲಿ ಕಪ್ಪೆ ಕೂಗುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ಅವತ್ತು ನೆನಪಿಗೆ ಬರಲಿಲ್ಲ, ಹೇಳಲಿಲ್ಲ.

ಬೇಸಿಗೆಯಲ್ಲಿ ದೊಡ್ಡಪ್ಪ ಪಂಚಾಯಿತಿಯಲ್ಲಿ ಮಾತಾಡಿ ಕಟ್ಟೆಯ ಹೂಳು ತೆಗೆಸಲು ಒಪ್ಪಿಸಿದರು. ಯಾರೂ ಬೇಡ ಎನ್ನಲಿಲ್ಲ. ಕಟ್ಟೆಯ ಗೋಡು, ಅಂದರೆ ತಳದಲ್ಲಿ ಕೂತ ಕಪ್ಪು ಮಣ್ಣು, ಅಡಿಕೆ ಬುಡಕ್ಕೆ ಹಾಕಲು ಎಲ್ಲರಿಗೂ ಬೇಕು. ಜೆಸಿಬಿ ಆರು ದಿನ ಕೆಲಸ ಮಾಡಿತು. ನಾನು ಏರಿಯ ಮೇಲೆ ಕೂತು ಎಣಿಸಿದ ಟ್ರ್ಯಾಕ್ಟರ್ ಲೋಡು ಇನ್ನೂರ ಹನ್ನೆರಡು. ಅದರಲ್ಲಿ ಹದಿನೆಂಟು ನಮ್ಮ ತೋಟಕ್ಕೆ. ಕಾಡಿನ ಬದಿಯ ಮರಗಳಿಗೆ ಬಕೆಟ್ ತಾಗದಂತೆ ದೊಡ್ಡಪ್ಪ ಕೂಗಿ ಕೂಗಿ ಚಾಲಕನಿಗೆ ಹೇಳಿದರು. ಕಟ್ಟೆ ಎರಡಾಳು ಆಳವಾಯಿತು. ಕೆಲಸ ಮುಗಿದ ದಿನ ದಿನಚರಿಯಲ್ಲಿ "ಒಳ್ಳೆಯದಾಯಿತು" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಮೂರನೇ ವರ್ಷ ಮಳೆ ಬಂತು, ಕಟ್ಟೆ ತುಂಬಿತು. ಗೂಡು ಐವತ್ತೆರಡು. ಮೂರು ವರ್ಷದಲ್ಲಿ ಅದೇ ಹೆಚ್ಚು. ದೊಡ್ಡಪ್ಪ ಚಹಾದಂಗಡಿಯಲ್ಲಿ ಅದನ್ನು ಹೇಳಿಕೊಂಡು ಬಂದರು ಎಂದು ದೊಡ್ಡಮ್ಮ ಹೇಳಿದರು.

ಜುಲೈ 9ರ ಮೊಗೆತ: ನಾಲ್ಕು. 16: ಸೊನ್ನೆ. 23: ಸೊನ್ನೆ. ನೀರು ಆಳವಾದ್ದರಿಂದ ಒಳಗೆ ಹೋಗಿರಬೇಕು, ಜರಡಿಗೆ ಸಿಗುತ್ತಿಲ್ಲ ಎಂದು ಅಂಚಿನಲ್ಲಿ ಬರೆದುಕೊಂಡೆ. 24ರಂದು ಜರಡಿ ಬಿಟ್ಟು ಸುಮ್ಮನೆ ಒಂದು ಗೂಡಿನ ಕೆಳಗೆ ಕೂತೆ. ನೇರಳೆ ಕೊಂಬೆಯ ಆ ಗೂಡು ಕರಗುವ ಹಂತದಲ್ಲಿತ್ತು. ಒಂಬತ್ತು ಗಂಟೆಗೆ ಜಿಟಿಜಿಟಿ ಮಳೆ ಶುರುವಾಯಿತು. ನೊರೆ ಜೋಲಿ, ಕೊನೆಗೆ ಒಂದು ಹನಿ ಬಿತ್ತು, ಹನಿಯೊಳಗೆ ಕಪ್ಪು ಚುಕ್ಕೆ. ಅದು ನೀರು ಮುಟ್ಟುವಷ್ಟರಲ್ಲಿ ಕೆಳಗಿನಿಂದ ಒಂದು ಬಾಯಿ ಬಂದು ನುಂಗಿತು. ಇನ್ನೊಂದು ಹನಿ, ಇನ್ನೊಂದು ಬಾಯಿ. ಗೂಡಿನ ನೇರ ಕೆಳಗೆ ಅಂಗೈ ಉದ್ದದ ಮೀನುಗಳು ಗುಂಪು ಕಟ್ಟಿ ಮೂತಿ ಮೇಲೆ ಮಾಡಿ ಕಾಯುತ್ತಿದ್ದವು. ಪಕ್ಕದ ಗೂಡಿನ ಕೆಳಗೂ ಹಾಗೇ. ಮೂವತ್ತು ಹನಿಗಳವರೆಗೆ ನೋಡಿದೆ. ಇಪ್ಪತ್ತೊಂಬತ್ತು ನೇರವಾಗಿ ಬಾಯಿಗೆ. ಒಂದು ತಪ್ಪಿಸಿಕೊಂಡು ಒಂದು ಗೇಣು ಈಜಿತು.

ಮಳೆನೀರಿನ ಕಟ್ಟೆಗೆ ಮೀನು ತಾನಾಗಿ ಬರುವುದಿಲ್ಲ. ಯಾರು ಬಿಟ್ಟರು ಎಂದು ಪತ್ತೆ ಮಾಡಬೇಕೆಂದುಕೊಂಡು ಮನೆಗೆ ಬಂದೆ. ಪತ್ತೆ ಮಾಡುವ ಕೆಲಸ ಬೀಳಲಿಲ್ಲ.

"ಮೀನಾ? ನಾನೇ ಬಿಟ್ಟಿದ್ದು," ಎಂದರು ದೊಡ್ಡಪ್ಪ, ಅಂಗಳದಲ್ಲಿ ಕಾಲು ತೊಳೆಯುತ್ತಾ. "ನಮ್ಮ ಹೊಂಡದಿಂದ ಎರಡು ಬಕೆಟ್."

"ಯಾಕೆ ಬಿಟ್ರಿ?" ಎಂದೆ.

"ಹೊಸ ನೀರು ಅವ್ವಾ. ಪಾಚಿ ಕಟ್ಟಿ ಕೆಟ್ಟೋಗ್ತತೆ. ನಿನ್ನ ಮರಿಗಳು ಆ ಪಾಚ್ಯಾಗೆ ಉಸಿರಾಡೋದು ಹೆಂಗೆ?"

ಇದನ್ನು ವಿವರಿಸಬೇಕು. ನಮ್ಮ ಮನೆಯಲ್ಲಿ ಮೂರು ಹೊತ್ತು ಲಿಂಗಪೂಜೆ ನಡೆಯುತ್ತದೆ, ಮೊಟ್ಟೆ ಕೂಡ ಒಳಗೆ ಬರುವುದಿಲ್ಲ. ಆದರೂ ತೋಟದ ಕೃಷಿ ಹೊಂಡದಲ್ಲಿ ಗೆಂಡೆ ಮೀನುಗಳಿವೆ. ಹೊಂಡದಲ್ಲಿ ಪಾಚಿ ಕಟ್ಟಿದರೆ ಹನಿ ನೀರಾವರಿಯ ಪೈಪುಗಳು ಕಟ್ಟಿಕೊಳ್ಳುತ್ತವೆ. ಮೀನು ಬಿಟ್ಟರೆ ನೀರು ತಿಳಿಯಾಗಿರುತ್ತದೆ ಎಂಬುದು ಈ ಕಡೆಯ ನಂಬಿಕೆ. ಅವನ್ನು ಹಿಡಿಯುವವರೂ ಇಲ್ಲ, ತಿನ್ನುವವರೂ ಇಲ್ಲ. ಸಾಕಿದ ಮೀನು ಮುದಿಯಾಗಿ ಸಾಯುವ ತೋಟಗಳು ನಮ್ಮೂರಿನಲ್ಲಿ ಹತ್ತಾದರೂ ಇವೆ.

"ನಿಮ್ಮ ಮೀನು ಮರಿಗಳನ್ನೆಲ್ಲ ತಿಂದವು ದೊಡ್ಡಪ್ಪ. ಮ್ಯಾಲಿಂದ ಬೀಳೋದನ್ನೇ ಕಾಯ್ತಾ ಇದ್ದಾವೆ."

ಒಳಗಿನಿಂದ ದೊಡ್ಡಮ್ಮನ ದನಿ ಬಂತು. "ವಿಭೂತಿ ಹಚ್ಕೊಂಡು ಮೀನು ಸಾಕ್ತೀರಿ, ಅದಕ್ಕೆ ಪಾಚಿ ನೆಪ. ನಿಮ್ಮ ಮೀನು ಏನು ಲಿಂಗ ಕಟ್ಟಿದಾವೇನ್ರಿ, ಸೊಪ್ಪು ತಿಂದ್ಕೊಂಡಿರಾಕೆ?"

ದೊಡ್ಡಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಊಟಕ್ಕೆ ತಡವಾಗಿ ಬಂದರು.

ಮೇಡಂಗೆ ಫೋನ್ ಮಾಡಿದೆ. ನಾನು ಪದವಿ ಮುಗಿಸಿದ್ದೆ, ಅವರು ಬೇರೆ ಊರಿಗೆ ವರ್ಗವಾಗಿದ್ದರು, ಆದರೂ ಪೂರ್ತಿ ಕೇಳಿಸಿಕೊಂಡರು. ಬಲೆ ಹಾಕಿದರೆ ದೊಡ್ಡವು ಬರುತ್ತವೆ, ಸಣ್ಣವು ಉಳಿಯುತ್ತವೆ ಎಂದರು. ಬೇಸಿಗೆಯಲ್ಲಿ ಕಟ್ಟೆ ಒಮ್ಮೆ ಪೂರ್ತಿ ಒಣಗಿ ತಳ ಕಾಣಬೇಕು, ಹಿಂದೆ ಒಣಗುತ್ತಿದ್ದುದರಿಂದಲೇ ಅಲ್ಲಿ ಮೀನು ಇರಲಿಲ್ಲ, ಮೀನು ಇರಲಿಲ್ಲವೆಂದೇ ಕಪ್ಪೆ ಇತ್ತು ಎಂದರು. ಒಂದು ವರ್ಷ ಮಳೆ ನಿಂತು ಮರಿ ಸತ್ತರೆ ಇನ್ನೊಂದು ವರ್ಷಕ್ಕೆ ಸರಿಹೋಗುತ್ತದೆ. ಮೀನು ನಿಂತರೆ ಯಾವ ವರ್ಷವೂ ಸರಿಹೋಗುವುದಿಲ್ಲ.

"ಹತ್ತಿರದಲ್ಲಿ ಬೇರೆ ಕಟ್ಟೆ ಇದೆಯಾ?" ಎಂದು ಕೇಳಿದರು.

ಒಂಬತ್ತರ ಪಟ್ಟಿ ಓದಿದೆ.

"ಹಾಗಾದರೆ ಇದೊಂದೇ," ಎಂದರು. "ಗೂಡು ಎಷ್ಟಾದರೂ ಎಣಿಸು. ಈಗಿರುವ ಕಪ್ಪೆಗಳು ಮುದಿಯಾಗುವವರೆಗೆ ಗೂಡು ಇರುತ್ತವೆ. ಆಮೇಲೆ ಒಂದು ವರ್ಷ ನೀನು ಹೋಗಿ ನೋಡಿದಾಗ ಏನೂ ಇರುವುದಿಲ್ಲ."

ಈ ಮಾತನ್ನು ದೊಡ್ಡಪ್ಪನಿಗೆ ಹಾಗೇ ಹೇಳಿದೆ. ಹೂಳು ತೆಗೆಸಿದ ಮೇಲೆ ಅದು ತಾನಾಗಿ ಒಣಗುವ ಕಟ್ಟೆಯಲ್ಲ, ನೀರನ್ನು ಹೊರಗೆ ಹಾಕಬೇಕು ಎಂದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿದರು.

"ಬ್ಯಾಸಿಗ್ಯಾಗೆ ನಿಂತಿರೋ ನೀರು ಚೆಲ್ಲೋದಾ? ಇಂಥ ಮಾತು ನಮ್ಮೂರಾಗೆ ಯಾರೂ ಆಡಿಲ್ಲ. ನಾಳೆ ಊರೋರು ಏನಂತಾರೆ ಗೊತ್ತೇನು? ನೀರು ಚೆಲ್ಲಿದೋನ ಮನೆ ಅಂತಾರೆ."

"ಮೀನು ಬಿಟ್ಟೋರು ನೀವೇ."

"ಹೌದು, ನಾನೇ. ಬಿಟ್ಟಿದ್ದು ಒಳ್ಳೇದಕ್ಕೆ."

ಆಗಸ್ಟ್‌ನಿಂದ ಕೊಯ್ಲು ಶುರುವಾಯಿತು. ದೊಡ್ಡಪ್ಪ ದಿನಾ ಒಂದೊಂದು ಊರಿಗೆ ಖೇಣಿ ಹೇಳಲು ಹೋಗುತ್ತಿದ್ದರು. ನಾನು ಊರಿನ ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡುವ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಆರು ತಿಂಗಳು ಕಟ್ಟೆಯ ಮಾತು ಮನೆಯಲ್ಲಿ ಬರಲಿಲ್ಲ. ವಾರಕ್ಕೊಮ್ಮೆ ನಾನು ಹೋಗಿ ನೀರಿನ ಮಟ್ಟ ಬರೆದುಕೊಂಡು ಬರುತ್ತಿದ್ದೆ. ಕಟ್ಟೆಯ ಸುತ್ತಲಿನ ನಾಲ್ಕು ತೋಟದವರು ಅಷ್ಟರಲ್ಲಿ ಏರಿಯ ಮೇಲೆ ಪೈಪು ಹಾಸಿಕೊಂಡಿದ್ದರು. ನೀರನ್ನು ಬಳಸುವವರು ಹುಟ್ಟಿಕೊಂಡ ಮೇಲೆ ಅದನ್ನು ಖಾಲಿ ಮಾಡಿ ಎನ್ನುವುದು ಇನ್ನೂ ಕಷ್ಟ ಎಂದು ಬರೆದುಕೊಂಡಿದ್ದೇನೆ.

ಫೆಬ್ರವರಿಯಲ್ಲಿ ಒಂದು ಸಂಜೆ ದೊಡ್ಡಪ್ಪ ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಕೊಯ್ಲು ಮುಗಿದು ಮನಸ್ಸು ಹಗುರವಾಗಿತ್ತು. ನಾನು ನೋಟ್‌ಬುಕ್ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ.

"ದೊಡ್ಡಪ್ಪ, ಒಂದು ತ್ವಾಟದ ಖೇಣಿ ಹೇಳ್ತೀರಾ?"

"ಯಾವೂರು?"

"ಊರು ಆಮ್ಯಾಲೆ. ಮೊದಲ್ನೇ ವರ್ಷ ಮೂವತ್ತೇಳು ಗೊನೆ, ಫಸಲು ಚೆನ್ನಾಗೈತೆ. ಎರಡ್ನೇ ವರ್ಷ ಮೂವತ್ತಮೂರು ಗೊನೆ, ನೀರಿಲ್ದೆ ಕಾಯಿ ಉದುರಿದ್ವು. ಮೂರ್ನೇ ವರ್ಷ ಐವತ್ತೆರಡು ಗೊನೆ, ನೀರು ಬೇಕಾದಷ್ಟೈತೆ, ಕಾಯಿ ಒಂದೂ ಇಲ್ಲ. ನಾಲ್ಕನೇ ವರ್ಷಕ್ಕೆ ಏನು ಹೇಳ್ತೀರಿ?"

ಅವರಿಗೆ ಮೊದಲ ಗೊನೆಗೇ ಅರ್ಥವಾಗಿತ್ತು ಅನಿಸುತ್ತದೆ. ಆದರೂ ಖೇಣಿಯವರು ಕೇಳಿದ ಲೆಕ್ಕವನ್ನು ಅರ್ಧಕ್ಕೆ ಬಿಡುವುದಿಲ್ಲ. ಹೆಬ್ಬೆರಳು ಗೆಣ್ಣುಗಳ ಮೇಲೆ ಒಮ್ಮೆ ಓಡಿತು.

"ಕಾಯಿ ಕಟ್ಟದ ತ್ವಾಟ ಯಾರು ಹಿಡೀತಾರೆ," ಎಂದರು. ಎದ್ದು ಬಾಯಿಯ ರಸ ಉಗುಳಿ ಬಂದರು. "ಗೊನೆ ಎಣಿಸಿ ಚಾದಂಗಡ್ಯಾಗೆ ಹೇಳ್ಕೊಂಡ್ ಬಂದೆ ನಾನು. ಐವತ್ತೆರಡು ಅಂತ."

ಮರುದಿನ ಅವರೇ ನಾಲ್ಕು ತೋಟದವರ ಮನೆಗೆ ಹೋದರು. ಚೆಲ್ಲುವುದು ಎಂಬ ಮಾತನ್ನು ಬಳಸಲಿಲ್ಲ. ಏಪ್ರಿಲ್‌ನಲ್ಲಿ ಎಲ್ಲರಿಗೂ ನೀರು ಬೇಕಾಗುತ್ತದೆ, ಕಟ್ಟೆಯ ನೀರನ್ನು ಸರದಿಯ ಮೇಲೆ ಎಳೆದುಕೊಳ್ಳಿ, ತಳ ಕಾಣುವವರೆಗೆ ನಿಲ್ಲಿಸಬೇಡಿ ಎಂದರು. ಅವರಲ್ಲಿ ಒಬ್ಬರು, "ದನಕ್ಕೆ ಏನ್ ಮಾಡ್ತೀರಿ ಗೌಡ್ರೇ?" ಎಂದು ಕೇಳಿದಾಗ, ಮಳೆ ಬರುವವರೆಗೆ ಗೋಮಾಳದ ತೊಟ್ಟಿಗೆ ನಮ್ಮ ಬೋರಿನಿಂದ ದಿನಾ ಎರಡು ಗಂಟೆ ನೀರು ಬಿಡುತ್ತೇನೆ ಎಂದು ಬಂದರು. ದೊಡ್ಡಮ್ಮ ಇದನ್ನು ಮೂರನೆಯವರಿಂದ ಕೇಳಿ ತಿಳಿದರು. ಆ ದಿನದ ದಿನಚರಿಯಲ್ಲಿ ಅವರ ಮಾತುಗಳಿವೆ, ಇಲ್ಲಿ ಬರೆಯುವುದಿಲ್ಲ.

ಏಪ್ರಿಲ್ 6ರಿಂದ 15ರವರೆಗೆ ನಾಲ್ಕು ಡೀಸೆಲ್ ಎಂಜಿನ್‌ಗಳು ಓಡಿದವು. ಹತ್ತನೇ ದಿನ ತಳದಲ್ಲಿ ಮೊಣಕಾಲುದ್ದ ಕೆಸರುನೀರು ಉಳಿಯಿತು, ಅದು ಪೂರಾ ಮೀನು. ಈಗ ಅದನ್ನು ತೆಗೆಯುವವರು ಬೇಕು. ನಮ್ಮ ಓಣಿಯಲ್ಲಿ ಮೀನು ಮುಟ್ಟುವವರಿಲ್ಲ. ಕೆರೆಬಿಳಚಿಯಿಂದ ಒಬ್ಬ ಚಾಚಾ ಮೊಪೆಡ್ಡಿನಲ್ಲಿ ಬಲೆ ಕಟ್ಟಿಕೊಂಡು ಸುತ್ತಲಿನ ಕೆರೆಗಳಿಗೆ ಹೋಗುತ್ತಾರೆ. ಹಿಂದೆ ಅಡಿಕೆ ಸುಲಿಸಲು ಜನ ಕರೆತರುತ್ತಿದ್ದವರು, ದೊಡ್ಡಪ್ಪನಿಗೆ ಹಳೆಯ ಪರಿಚಯ. ಫೋನ್ ಮಾಡಿದಾಗ ಅವರು ಎರಡು ಸಲ ಯಾರು ಮಾತಾಡೋದು ಎಂದು ಕೇಳಿದರಂತೆ. ಮರುದಿನ ಬೆಳಿಗ್ಗೆ ಇಬ್ಬರು ಮಕ್ಕಳನ್ನು ಕರೆದುಕೊಂಡು, ನಾಲ್ಕು ಬುಟ್ಟಿ ಹೇರಿಕೊಂಡು ಬಂದರು.

"ಏನ್ ಗೌಡ್ರೇ, ನೀವು ಮೀನಿಗೆ ಕರೆದ್ರಿ ಅಂದ್ರೆ ನಮ್ಮ ಮನ್ಯಾಗೆ ಯಾರೂ ನಂಬಲಿಲ್ಲ. ಗೌಡ್ರ ತಬಿಯತ್ ಹೆಂಗೈತೆ ಕೇಳ್ಕೊಂಡ್ ಬಾ ಅಂದ್ರು."

"ತಿನ್ನಾಕಲ್ಲ ಸಾಹೇಬ್ರೇ, ತೆಗ್ಯಾಕೆ."

"ತೆಗೆದ ಮ್ಯಾಲೆ?"

"ಅದು ನಿಮ್ಮ ಪಾಡು. ನನ್ನ ಮುಂದೆ ತರಬ್ಯಾಡ್ರಿ."

"ನೀವೇ ಸಾಕಿದ ಮೀನು, ಒಂದ್ ಸಲ ಮುಖ ನೋಡ್ರಲ್ಲ. ನೋಡ್ರಿಲ್ಲಿ, ನಿಮ್ಮಂಗೇ ಮೀಸೆ ಐತೆ ಇದಕ್ಕೆ."

ದೊಡ್ಡಪ್ಪ ಬೇರೆ ಕಡೆ ತಿರುಗಿದರು, ಆದರೆ ಹೋಗಲಿಲ್ಲ. ಒಂದು ಹಂತದಲ್ಲಿ ಪಂಚೆ ಮೇಲೆ ಕಟ್ಟಿ ಕೆಸರಿಗೆ ಇಳಿದು, ಬಲೆಯ ಇನ್ನೊಂದು ತುದಿ ಹಿಡಿದರು. ಮೀನು ಕಾಲಿಗೆ ತಾಗಿದಾಗಲೆಲ್ಲ "ಶಿವ ಶಿವ" ಎನ್ನುತ್ತಿದ್ದರು. ಚಾಚಾ ಪ್ರತಿ ಸಲವೂ "ಇಲ್ಲೈತೆ ನೋಡ್ರಿ, ಹಿಡ್ಕಳ್ರಿ" ಎನ್ನುತ್ತಿದ್ದರು. ಎರಡು ಬಕೆಟ್ ಮೀನು ಒಂಬತ್ತು ಬುಟ್ಟಿಯಷ್ಟಾಗಿತ್ತು. ದೊಡ್ಡವು ನೂರ ಎಂಟು. ಸಣ್ಣವನ್ನು ಎಣಿಸಲು ಕೂತಾಗ ಚಾಚಾ ನನ್ನನ್ನು ನೋಡಿ, "ಬೇಟಿ, ಇದನ್ನ ಎಣಿಸಾಕೆ ಕೂತ್ರೆ ಬರೋ ರಂಜಾನ್ ಆಗ್ತತೆ," ಎಂದರು. ಸಣ್ಣವು: ಎಣಿಸಲಿಲ್ಲ.

ಆಮೇಲೆ ಉಳಿದ ಕೆಸರುನೀರೂ ಆರಿ, ಕಟ್ಟೆಯ ತಳ ಇಪ್ಪತ್ತಾರು ದಿನ ಬಿಸಿಲಿಗೆ ಬಿರಿದು ಬಿದ್ದಿತ್ತು. ಹಾದುಹೋಗುವವರು ಕೇಳುತ್ತಿದ್ದರು. ಹೋದ ವರ್ಷ ಆಳ ಮಾಡಿಸಿದವರೇ ಈ ವರ್ಷ ಖಾಲಿ ಮಾಡಿಸಿದರು, ಓದಿದ ಹುಡುಗಿಯ ಮಾತು ಕೇಳಿ ಹಿಂಗಾಯಿತು ಎಂಬ ಮಾತು ನನ್ನ ಕಿವಿಗೂ ಬಿತ್ತು. ತಪ್ಪೇನಲ್ಲ. ಕಟ್ಟೆಗೆ ಹನ್ನೆರಡು ದಿನದ ನೀರು ಸಾಲಲಿಲ್ಲ ಎಂದು ಹೇಳಿದವಳೂ ನಾನೇ.

ಈ ವರ್ಷದ ಲೆಕ್ಕ ಹೀಗಿದೆ. ಗೂಡು ಇಪ್ಪತ್ತೊಂಬತ್ತು. ಐವತ್ತೆರಡರಿಂದ ಇಪ್ಪತ್ತೊಂಬತ್ತಕ್ಕೆ ಏಕೆ ಇಳಿಯಿತು ಎಂದು ನನಗೆ ಗೊತ್ತಿಲ್ಲ. ಎರಡು ವರ್ಷ ಮರಿ ಉಳಿಯದ್ದರಿಂದ ಇರಬಹುದು. ಮತ್ತಿಮರದ ದೊಡ್ಡ ಕೊಂಬೆಯೊಂದನ್ನು ಯಾರೋ ಪೈಪು ಹಾಯಿಸಲು ಕಡಿದಿದ್ದಾರೆ, ಅದೂ ಇರಬಹುದು. ಆ ಕೊಂಬೆಯಲ್ಲಿ ಹೋದ ವರ್ಷ ಹನ್ನೊಂದು ಗೂಡುಗಳಿದ್ದವು. ಹತ್ತು ಮೊಗೆತಕ್ಕೆ ಗೊದಮೊಟ್ಟೆ: ಜುಲೈ 8ರಂದು ನಲವತ್ತೊಂದು, 15ರಂದು ಮೂವತ್ತೆಂಟು, 22ರಂದು ಮೂವತ್ತಾರು. ಮೀನು: ಮೂರೂ ಸಲ ಸೊನ್ನೆ. ನಾಲ್ಕು ತೋಟದವರು ಬರುವ ಏಪ್ರಿಲ್‌ನಲ್ಲೂ ನೀರು ಎಳೆಯುತ್ತೇವೆ ಎಂದಿದ್ದಾರೆ. ಬಾಯಿಮಾತು, ಬರಹವಿಲ್ಲ.

ಆಗಸ್ಟ್ 19ರಂದು ದೊಡ್ಡಪ್ಪ ನನ್ನ ಜೊತೆ ಬಂದರು. ಹಿಂದಿನ ದಿನ ಒಳ್ಳೆಯ ಮಳೆಯಾಗಿತ್ತು. ನಾನು ಏರಿಯ ಮೇಲಿದ್ದೆ, ಅವರು ಕಾಡಿನ ಬದಿಯ ಹುಲ್ಲಿಗೆ ಇಳಿದು ಹತ್ತು ಹೆಜ್ಜೆ ಹೋಗಿದ್ದರು. ಅಲ್ಲಿ ನಿಂತುಬಿಟ್ಟರು. ಎಷ್ಟು ಹೊತ್ತಾದರೂ ಕದಲಲಿಲ್ಲ. ಒಂದು ಕಾಲು ಅರ್ಧ ಎತ್ತಿಯೇ ಇತ್ತು.

"ಹಾವಾ ದೊಡ್ಡಪ್ಪ?" ಎಂದು ಕೂಗಿದೆ.

"ಹಾವಲ್ಲ. ಸುಮ್ನಿರು. ಮರಿ."

"ಎಷ್ಟು ಅದಾವೆ?"

"ಎಣಿಸಾಕೆ ಬಗ್ಗೋಕಾಗ್ತಿಲ್ಲ. ಮುಂದೆನೂ ಅದಾವೆ, ಹಿಂದೆನೂ ಅದಾವೆ. ಕಾಲಿಡಾಕೆ ಜಾಗ ಇಲ್ಲ. ನೀ ಬಂದು ಏನಾರ ಮಾಡು."

ಹತ್ತಿರ ಹೋದೆ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡವು, ಹಸಿರು, ಕೆಲವಕ್ಕೆ ಬಾಲದ ಮೊಟಕು ಇನ್ನೂ ಉಳಿದಿತ್ತು. ಹುಲ್ಲಿನ ಎಸಳು ಹಿಡಿದು ಒಂದೊಂದು ಜಿಗಿತದಲ್ಲಿ ಕಾಡಿನ ಕಡೆಗೇ ಹೋಗುತ್ತಿದ್ದವು. ಅವರ ಚಪ್ಪಲಿಯ ಮೇಲೆ ಒಂದು ಕೂತಿತ್ತು. ಹದಿನೇಳರವರೆಗೆ ಎಣಿಸಿದೆ.

"ಅಲ್ಲೇ ಎಣಿಸ್ತಾ ಕೂತ್ಯೇನು? ಕಾಲು ಜೋಮು ಹಿಡಿದೈತೆ ನಂದು."

ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು, ಎರಡೂ ಕೈಯಲ್ಲಿ ಹುಲ್ಲು ಸರಿಸಿ ಅವರ ಪಾದದಷ್ಟು ಜಾಗ ಮಾಡಿದೆ. ಅವರು ಅಲ್ಲಿ ಕಾಲೂರಿದರು. ಇನ್ನೊಂದು ಜಾಗ ಮಾಡಿದೆ. ಹತ್ತು ಹೆಜ್ಜೆಗೆ ಇಪ್ಪತ್ತು ನಿಮಿಷ ಬೇಕಾಯಿತು.